ಪಿಟ್ಲೆಸ್ಸಿ ಸಂತೆಯಿಂದ ಶ್ರೀರಂಗಪಟ್ಟಣದ ಬಾಗಿಲಿಗೆ: ಡೇವಿಡ್ ವಿಲ್ಕಿಯ ಚಿತ್ರಗಳು

(ಚಿತ್ರಕಲೆ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡದವರು ಕಡಿಮೆ. ಶಾಲೆಯ ಪ್ರವಾಸದಲ್ಲಾದರೂ ಹೋಗಿರುತ್ತೀರಿ. ಅಲ್ಲಿನ ಪಶ್ಚಿಮದ ಗೋಡೆ ನೆನಪಿದೆಯಾ? ಗೋಡೆ ತುಂಬ ಕುದುರೆಗಳು, ಆನೆಗಳು, ಕತ್ತಿಗಳು. ಮಧ್ಯದಲ್ಲಿ ಕೆಂಪು ಕೋಟಿನ ಸೈನಿಕರು ಚೌಕಾಕಾರವಾಗಿ ನಿಂತು ಸಿಕ್ಕಿಬಿದ್ದಿದ್ದಾರೆ. ಮದ್ದಿನ ಬಂಡಿ ಸ್ಫೋಟವಾಗುತ್ತಿದೆ. ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ ಕುಳಿತಿದ್ದಾನೆ. ಅದು 1780ರ ಪೊಲ್ಲಿಲೂರು ಕದನ. ಹೈದರ್ ಮತ್ತು ಟಿಪ್ಪು ಕಂಪನಿಯ ಸೈನ್ಯವನ್ನು ಮಣ್ಣುಮುಕ್ಕಿಸಿದ ದಿನ.

ಅವತ್ತು ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಸ್ಕಾಟ್ಲೆಂಡಿನ ಯುವ ಕ್ಯಾಪ್ಟನ್ ಇದ್ದ. ಅವನನ್ನು ಶ್ರೀರಂಗಪಟ್ಟಣಕ್ಕೆ ತಂದು ಸೆರೆಯಲ್ಲಿಟ್ಟರು. ಮೂರೂವರೆ ವರ್ಷಕ್ಕೂ ಜಾಸ್ತಿ ಅಲ್ಲಿದ್ದ. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿ ಹಾಕಿ ಕಟ್ಟಿದ್ದಾರೆ ಎಂಬ ಸುದ್ದಿ ಊರಿಗೆ ಮುಟ್ಟಿದಾಗ ಅವನ ತಾಯಿ, 'ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡ ಹುಡುಗನ ಪಾಡು ದೇವರೇ ಕಾಯಬೇಕು' ಅಂದರಂತೆ. ಮಗ ಅಷ್ಟು ಹಠಮಾರಿ, ತಾಯಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಕಳೆದವು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದೆ ಇದೇ ಬೇರ್ಡ್ ಇದ್ದ. ರಾತ್ರಿ ದೀಪದ ಬೆಳಕಿನಲ್ಲಿ, ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹ ಸಿಕ್ಕಿತು.

ಆ ರಾತ್ರಿಯ ಚಿತ್ರವೊಂದು ಎಡಿನ್‌ಬರೋ ನಗರದಲ್ಲಿದೆ. ಹನ್ನೊಂದು ಅಡಿಗೂ ಎತ್ತರದ ಕ್ಯಾನ್ವಾಸು. ನಮ್ಮ ಊರಿನ ಗೋಡೆಯ ಮೇಲೆ ಬೇರ್ಡ್‌ನ ಸೈನ್ಯ ಸೋಲುತ್ತಿದೆ, ಅವನ ಊರಿನ ಗೋಡೆಯ ಮೇಲೆ ಅವನು ಗೆದ್ದು ನಿಂತಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು ಅಂತ ನನಗೆ ಬಹಳ ದಿನದ ಆಸೆ. ಆದರೆ ಇವತ್ತು ನಾನು ಮಾತಾಡಲು ಬಂದಿರುವುದು ಯುದ್ಧದ ಬಗ್ಗೆ ಅಲ್ಲ. ಆ ದೊಡ್ಡ ಚಿತ್ರ ಬರೆದವನು ಯುದ್ಧದ ಚಿತ್ರಕಾರನೇ ಆಗಿರಲಿಲ್ಲ. ಹಳ್ಳಿಯ ಸಂತೆ, ಮದುವೆ, ಗುಡಿಸಲು, ಗೇಣಿ ಬಾಕಿ, ಪಿಟೀಲು ಬಾರಿಸುವ ಕುರುಡ, ಇವನ್ನೆಲ್ಲ ಬರೆದು ಹೆಸರಾದವನು ಅವನು. ಹೆಸರು ಡೇವಿಡ್ ವಿಲ್ಕಿ.

ವಿಲ್ಕಿ ಹುಟ್ಟಿದ್ದು 1785ರ ನವೆಂಬರ್ 18ರಂದು, ಸ್ಕಾಟ್ಲೆಂಡಿನ ಫೈಫ್ ಸೀಮೆಯಲ್ಲಿ. ಕಲ್ಟ್ಸ್ ಎಂಬ ಸಣ್ಣ ಊರಿನ ಪಾದ್ರಿಯ ಮಗ. ಪಕ್ಕದ ಹಳ್ಳಿ ಪಿಟ್ಲೆಸ್ಸಿ. ಓದಲು ಕಲಿಯುವ ಮೊದಲೇ ಚಿತ್ರ ಬರೆಯುತ್ತಿದ್ದೆ ಅಂತ ಅವನೇ ಮುಂದೆ ಹೇಳಿಕೊಳ್ಳುತ್ತಿದ್ದನಂತೆ. ಪಾದ್ರಿಯ ಮಗ ಪಾದ್ರಿಯಾಗುವುದು ವಾಡಿಕೆ. ಇವನಿಗೆ ಅದು ಹಿಡಿಸಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಎಡಿನ್‌ಬರೋದ ಟ್ರಸ್ಟೀಸ್ ಅಕಾಡೆಮಿಗೆ ಸೇರಲು ಹೊರಟ. ಅದು ಬಟ್ಟೆ ಮುಂತಾದ ಕೈಗಾರಿಕೆಗಳಿಗೆ ವಿನ್ಯಾಸಗಾರರನ್ನು ತಯಾರು ಮಾಡಲು ಶುರುವಾದ ಶಾಲೆ. ಹುಡುಗನ ಚಿತ್ರಗಳನ್ನು ನೋಡಿದ ಕಾರ್ಯದರ್ಶಿಗೆ ಅವು ಸಾಲದು ಅನ್ನಿಸಿತು. ಲೆವೆನ್‌ನ ಅರ್ಲ್ ಎಂಬ ಜಮೀನುದಾರರ ಪತ್ರ ಕೈಯಲ್ಲಿದ್ದದ್ದರಿಂದ ಸೀಟು ಸಿಕ್ಕಿತು. ಅವನ ಜೀವನದಲ್ಲಿ ಶಿಫಾರಸು ಪತ್ರದ ಮಾತು ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಇನ್ನೊಂದು ವಿಷಯ: ಅವನು ಆ ಶಾಲೆ ಸೇರಿದ್ದು 1799ರಲ್ಲಿ. ಟಿಪ್ಪು ಸತ್ತ ವರ್ಷವೇ.

ಐದು ವರ್ಷ ಕಲಿತು, 1804ರಲ್ಲಿ ಊರಿಗೆ ವಾಪಸ್ ಬಂದ. ಹದಿನೆಂಟು ಹತ್ತೊಂಬತ್ತರ ಹುಡುಗ. ಏನು ಬರೆಯಬೇಕು? ಗ್ರೀಕ್ ದೇವತೆಗಳನ್ನು ಬರೆಯಬಹುದಿತ್ತು, ರಾಜರನ್ನು ಬರೆಯಬಹುದಿತ್ತು. ಆ ಕಾಲಕ್ಕೆ ದೊಡ್ಡ ಕಲೆ ಅಂದರೆ ಅದೇ. ಇವನು ತನ್ನ ಹಳ್ಳಿಯ ಸಂತೆಯನ್ನು ಬರೆಯಲು ಕೂತ.

'ಪಿಟ್ಲೆಸ್ಸಿ ಸಂತೆ' ಈಗ ಪರದೆಯ ಮೇಲಿದೆ, ನೋಡಿ. ಎರಡಡಿ ಎತ್ತರ, ಮೂರೂವರೆ ಅಡಿ ಅಗಲ, ಅಷ್ಟೇ. ಅದರೊಳಗೆ ಸುಮಾರು 140 ಜನ. ಜೊತೆಗೆ ದನ, ಕುದುರೆ, ನಾಯಿ. ಎಲ್ಲರೂ ಅವನಿಗೆ ಗೊತ್ತಿರುವವರು. ಮನೆಯವರೂ ಇದ್ದಾರೆ, ಅಪ್ಪನೂ ಇದ್ದಾನೆ. ಇಷ್ಟು ಮುಖಗಳು ಎಲ್ಲಿಂದ ಬಂದವು? ಭಾನುವಾರದ ಚರ್ಚಿನಿಂದ. ಅಪ್ಪ ಮೇಲೆ ನಿಂತು ಬೋಧನೆ ಮಾಡುತ್ತಿದ್ದರೆ ಮಗ ಕೆಳಗೆ ಕೂತು ಜನರ ಮುಖಗಳನ್ನು ಗೀಚಿಕೊಳ್ಳುತ್ತಿದ್ದ. ತೂಕಡಿಸುವವರು, ಬಾಯಿ ತೆರೆದು ಕೇಳುವವರು, ಮೂಗು ಒರೆಸುವವರು. ಮನೆಯಲ್ಲಿ ಚಿತ್ರ ನಿಲ್ಲಿಸಲು ಈಸೆಲ್ ಇರಲಿಲ್ಲ. ಬಟ್ಟೆಯ ಡ್ರಾಯರನ್ನು ಅರ್ಧ ಎಳೆದು, ಅದರ ಮೇಲೆ ಚಿತ್ರ ಇಟ್ಟುಕೊಂಡು ಬರೆದ ಅಂತಾರೆ.

ಈ ಚಿತ್ರದಲ್ಲಿ ದೋಷಗಳಿಲ್ಲ ಅಂತ ನಾನು ಹೇಳುವುದಿಲ್ಲ. ಕಣ್ಣು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿರುವ ಹಾಗಿದೆ. ಆದರೆ ಸಂತೆ ಅಂದರೆ ಹಾಗೇ ಅಲ್ವಾ? ನಮ್ಮ ಯಾವ ಊರಿನ ಸಂತೆಯಲ್ಲಾದರೂ ಒಂದು ಕಡೆ ನಿಂತು ನೋಡಿ. ಚೌಕಾಸಿ ಮಾಡುವವಳು, ದುಡ್ಡು ಎಣಿಸುವವನು, ಕಳೆದುಹೋದ ಮಗು. ಅವನು ಅಚ್ಚುಕಟ್ಟಾಗಿ ಜೋಡಿಸಲು ಹೋಗಲಿಲ್ಲ, ಕಂಡಿದ್ದನ್ನು ತುಂಬಿದ. ಈ ಚಿತ್ರಕ್ಕೆ ಸಿಕ್ಕಿದ್ದು 25 ಪೌಂಡ್. ಅದೇ ಅವನ ಲಂಡನ್ ಪ್ರಯಾಣದ ಬಂಡವಾಳ.

1805ರಲ್ಲಿ ಲಂಡನ್ನಿಗೆ ಬಂದು ರಾಯಲ್ ಅಕಾಡೆಮಿಯ ಶಾಲೆ ಸೇರಿದ. ಕೈಯಲ್ಲಿ ದುಡ್ಡು ಕಡಿಮೆ, ಮಾಡೆಲ್‌ಗಳಿಗೆ ಕೊಡಲು ಆಗುತ್ತಿರಲಿಲ್ಲ. ಅಲ್ಲೇ ಜೊತೆಗೆ ಕಲಿಯುತ್ತಿದ್ದ ಗೆಳೆಯ ಹೇಡನ್ ಒಂದು ಬೆಳಗ್ಗೆ ಅವನ ಕೋಣೆಗೆ ಹೋದರೆ, ವಿಲ್ಕಿ ಮೈಮೇಲೆ ಬಟ್ಟೆ ಇಲ್ಲದೆ ಕನ್ನಡಿ ಮುಂದೆ ಕೂತು ತನ್ನನ್ನೇ ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದ. ಹೇಡನ್ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮಾಡೆಲ್ ಸಿಗಲಿಲ್ಲ, ಆಮೇಲೆ ಬರೆಯುತ್ತೇನೆ ಅಂತ ನನ್ನ ಬಳಿ ಹೇಳುವ ಹುಡುಗರಿಗೆ ನಾನು ಈ ಕತೆ ಹೇಳುತ್ತೇನೆ. ಕನ್ನಡಿ ಎಲ್ಲರ ಮನೆಯಲ್ಲೂ ಇದೆ.

ಮರುವರ್ಷ, 1806ರಲ್ಲಿ, ಅಕಾಡೆಮಿಯ ಪ್ರದರ್ಶನದಲ್ಲಿ 'ಹಳ್ಳಿಯ ರಾಜಕಾರಣಿಗಳು' ಎಂಬ ಚಿತ್ರವಿಟ್ಟ. ಹೆಂಡದಂಗಡಿಯಲ್ಲಿ ಪತ್ರಿಕೆ ಹಿಡಿದುಕೊಂಡು ಜಗಳವಾಡುವ ಹಳ್ಳಿ ಜನ. ಇಡೀ ಲಂಡನ್ ಅದರ ಮುಂದೆ ಮುಗಿಬಿತ್ತು. ಪತ್ರಿಕೆಯಲ್ಲಿ ಹೊಗಳಿಕೆ ಬಂದದ್ದನ್ನು ಹೇಡನ್ ಓಡಿಬಂದು ಹೇಳಿದಾಗ ಮೂವರು ಗೆಳೆಯರು ಕೈ ಕೈ ಹಿಡಿದು ಸುಸ್ತಾಗುವ ತನಕ ಮೇಜಿನ ಸುತ್ತ ಕುಣಿದರಂತೆ. ವಿಲ್ಕಿಗೆ ಆಗ ಇಪ್ಪತ್ತು ವರ್ಷ. ಮೊದಲು 15 ಗಿನಿ (ಒಂದು ಗಿನಿ ಅಂದರೆ ಒಂದು ಪೌಂಡಿಗಿಂತ ತುಸು ಜಾಸ್ತಿ) ಅಂತ ಬೆಲೆ ಹೇಳಿದ್ದ ಚಿತ್ರ, ಕೊನೆಗೆ 30 ಗಿನಿಗೆ ಹೋಯಿತು.

ಅದೇ ವರ್ಷ ಬರೆದ 'ಕುರುಡ ಪಿಟೀಲುಗಾರ'ನ ಹತ್ತಿರ ಸ್ವಲ್ಪ ಹೊತ್ತು ಇರೋಣ. ನನಗೆ ಅವನ ಚಿತ್ರಗಳಲ್ಲಿ ಬಹಳ ಇಷ್ಟವಾದದ್ದು ಇದು. ಒಂದು ಬಡ ಮನೆಯ ಒಳಗೆ. ಊರೂರು ತಿರುಗುವ ಕುರುಡನೊಬ್ಬ ಬಂದು ಕೂತು ಪಿಟೀಲು ಬಾರಿಸುತ್ತಿದ್ದಾನೆ. ಮನೆಯ ಯಜಮಾನ ಬಾಗಿ, ಹೆಂಡತಿಯ ತೊಡೆಯ ಮೇಲಿರುವ ಮಗುವಿನ ಮುಂದೆ ಬೆರಳು ಚಿಟುಕಿಸುತ್ತಿದ್ದಾನೆ. ಮಗುವಿಗೆ ಖುಷಿಯೋ ಖುಷಿ. ಅಜ್ಜ ಒಲೆಯ ಹತ್ತಿರ ನಿಂತಿದ್ದಾನೆ. ಬಲಗಡೆ ಒಬ್ಬ ತುಂಟ ಹುಡುಗ ಒಲೆ ಊದುವ ತಿದಿಯನ್ನೇ ಪಿಟೀಲು ಮಾಡಿಕೊಂಡು, ಕಡ್ಡಿಯನ್ನೇ ಕಮಾನು ಮಾಡಿಕೊಂಡು ಅಣಕಿಸುತ್ತಿದ್ದಾನೆ. ಪಿಟೀಲುಗಾರನಿಗೆ ಅದು ಕಾಣುವುದಿಲ್ಲ.

ಈಗ ಪಿಟೀಲುಗಾರನ ಜೊತೆ ಬಂದವರನ್ನು ನೋಡಿ. ಅವನ ಹೆಂಡತಿ, ಮಗು. ಅವರು ಕುಣಿಯುತ್ತಿಲ್ಲ, ನಗುತ್ತಿಲ್ಲ. ಈ ರಾಗವನ್ನು ಅವರು ಎಷ್ಟು ಮನೆಗಳಲ್ಲಿ ಕೇಳಿದ್ದಾರೋ! ಅವರಿಗೆ ಇದು ಸಂಗೀತ ಅಲ್ಲ, ರಾತ್ರಿಯ ಊಟ. ಒಂದೇ ಕೋಣೆಯಲ್ಲಿ ಒಂದೇ ಸದ್ದನ್ನು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಕೇಳುತ್ತಿದ್ದಾರೆ. ಬಣ್ಣದಲ್ಲಿ ಸದ್ದು ಬರೆಯುವುದು ಆಗದ ಕೆಲಸ. ವಿಲ್ಕಿ ಸದ್ದನ್ನು ಬಿಟ್ಟು ಕೇಳುವವರನ್ನು ಬರೆದ. ಹಿಂದಿನ ಬೀರುವಿನ ಮೇಲೆ ಒಂದು ಕಾಗದ ಅಂಟಿಸಿದೆ, ಮಗುವಿನ ಕೈಯ ಸೊಟ್ಟ ಗೀಚು. ಯಾವ ಮನೆಯಲ್ಲಿ ಅದು ಇರುವುದಿಲ್ಲ ಹೇಳಿ? ಈ ಚಿತ್ರ ಬರೆಸಿದ್ದು ಸರ್ ಜಾರ್ಜ್ ಬೊಮೊಂಟ್ ಎಂಬ ಶ್ರೀಮಂತ ಕಲಾಪ್ರೇಮಿ, 50 ಗಿನಿ ಕೊಟ್ಟು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಮುಂದಿನ ಕೆಲವು ವರ್ಷಗಳನ್ನು ಬೇಗ ದಾಟುತ್ತೇನೆ. 1811ಕ್ಕೆ ಅಕಾಡೆಮಿಯ ಪೂರ್ಣ ಸದಸ್ಯನಾದ. ಅಪ್ಪ ತೀರಿಕೊಂಡ ಮೇಲೆ ತಾಯಿ ಮತ್ತು ತಂಗಿ ಹೆಲೆನ್ ಲಂಡನ್ನಿಗೆ ಬಂದು ಅವನ ಜೊತೆ ಇದ್ದರು. ಅವನು ಮದುವೆಯಾಗಲಿಲ್ಲ. 1813ರಲ್ಲಿ 'ಶಿಫಾರಸು ಪತ್ರ' ಎಂಬ ಚಿತ್ರ ಬರೆದ. ಹಳ್ಳಿಯಿಂದ ಬಂದ ಹುಡುಗ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಮೇಜಿನ ಮುಂದಿನ ಹಿರಿಯ ಪತ್ರ ಒಡೆಯುತ್ತ, ಇವನು ಯಾವ ಸೀಮೆಯವನಪ್ಪ ಅನ್ನುವ ಹಾಗೆ ಓರೆಯಾಗಿ ನೋಡುತ್ತಿದ್ದಾನೆ. ಮನೆಯ ನಾಯಿಯೂ ಹುಡುಗನ ಕಾಲು ಮೂಸುತ್ತಿದೆ. ವಿಲ್ಕಿ ಲಂಡನ್ನಿಗೆ ಹೊಸದಾಗಿ ಬಂದಾಗ ತಾನೇ ಹೀಗೆ ಒಬ್ಬ ಹಿರಿಯರ ಮುಂದೆ ನಿಂತಿದ್ದ. ಕೆಲಸ ಕೇಳಿಕೊಂಡು ಯಾರದೋ ಚೀಟಿ ಹಿಡಿದು ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ನಿಂತವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ.

1815ರ ಚಿತ್ರ ಹೆಚ್ಚು ಕಷ್ಟದ್ದು. ಅದರ ಹೆಸರನ್ನು ನಮ್ಮ ಮಾತಲ್ಲಿ ಹೇಳಬೇಕೆಂದರೆ 'ಗೇಣಿ ಬಾಕಿಗೆ ಜಪ್ತಿ'. ಗೇಣಿದಾರ ರೈತನೊಬ್ಬನ ಮನೆ. ರೈತ ತಲೆಗೆ ಕೈಕೊಟ್ಟು ಕುಳಿತಿದ್ದಾನೆ. ಹೆಂಡತಿಗೆ ಪ್ರಜ್ಞೆ ತಪ್ಪುತ್ತಿದೆ. ಜಪ್ತಿಗೆ ಬಂದವನು ಹಾಸಿಗೆಯ ಮೇಲೆ ಕುಳಿತು ಮನೆಯ ಸಾಮಾನುಗಳ ಪಟ್ಟಿ ಮಾಡಿಸುತ್ತಿದ್ದಾನೆ. ಅಕ್ಕಪಕ್ಕದವರು ಅವನ ಮೇಲೆ ರೇಗುತ್ತಿದ್ದಾರೆ. ನೆಪೋಲಿಯನ್ ಜೊತೆಗಿನ ಯುದ್ಧ ಮುಗಿಯುತ್ತಿದ್ದ ಕಾಲ, ಹಳ್ಳಿಗಳಲ್ಲಿ ಗೇಣಿ ಕಟ್ಟಲಾಗದವರು ಜಾಸ್ತಿಯಾಗಿದ್ದರು. ಚಿತ್ರ ಕೊಳ್ಳುವವರೇ ಜಮೀನುದಾರರು. ಅವರ ಮುಂದೆ ಈ ಚಿತ್ರ ಇಟ್ಟರೆ? ಬ್ರಿಟಿಷ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆ 600 ಗಿನಿ ಕೊಟ್ಟು ಕೊಂಡಿತು. ಕೊಂಡು, ಜನರ ಕಣ್ಣಿಗೆ ಬೀಳದ ಹಾಗೆ ಒಳಗೆ ಇಟ್ಟಿತು. ವಿಲ್ಕಿ ಬಂಡಾಯದ ಮನುಷ್ಯ ಅಲ್ಲ. ಘೋಷಣೆ ಕೂಗಿದವನಲ್ಲ. ಆ ಮನೆಯಲ್ಲಿ ಯಾರು ಎಲ್ಲಿ ನಿಂತಿರುತ್ತಾರೆ, ಯಾರ ಮುಖ ಹೇಗಿರುತ್ತದೆ ಅನ್ನುವುದನ್ನು ಮಾತ್ರ ಬರೆದ. ದೊಡ್ಡವರಿಗೆ ಅಷ್ಟೇ ಸಹಿಸಲು ಆಗಲಿಲ್ಲ.

ಇದಾದ ಮೂರು ವರ್ಷಕ್ಕೆ 'ಪೆನ್ನಿ ಮದುವೆ'. ನಮ್ಮಲ್ಲಿ ಮುಯ್ಯಿ ಇದೆಯಲ್ಲ, ಹೆಚ್ಚುಕಡಿಮೆ ಅದೇ ಪದ್ಧತಿ. ಮದುವೆಗೆ ಬಂದವರೆಲ್ಲ ಕೈಲಾದಷ್ಟು ಕೊಡುತ್ತಾರೆ. ಅದರಲ್ಲೇ ಊಟ, ಕುಣಿತ, ಉಳಿದದ್ದು ಹೊಸ ಸಂಸಾರಕ್ಕೆ. ಸ್ಕಾಟ್ಲೆಂಡಿನ ಚರ್ಚಿಗೆ ಈ ಮದುವೆಗಳ ಗದ್ದಲ ಹಿಡಿಸುತ್ತಿರಲಿಲ್ಲ. ಪಾದ್ರಿಯ ಮಗ ಅದನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾನೆ ನೋಡಿ. ಪಿಟೀಲು ಹಿಡಿದವನು ಅಲ್ಲಿನ ಹೆಸರಾಂತ ವಾದಕ ನೀಲ್ ಗೌ. ಚಿತ್ರ ಬರೆಯುವ ಹೊತ್ತಿಗೆ ಅವನು ಸತ್ತು ಹತ್ತು ವರ್ಷವಾಗಿತ್ತು. ಚಿತ್ರ ಹೋದದ್ದು ಮಾತ್ರ ಅರಮನೆಗೆ, ಮುಂದೆ ನಾಲ್ಕನೇ ಜಾರ್ಜ್ ಆದ ರಾಜಕುಮಾರನ ಬಳಿಗೆ.

ಈಗ ಮತ್ತೆ ಶ್ರೀರಂಗಪಟ್ಟಣದ ದಾರಿ ಹಿಡಿಯೋಣ. ಕೋಟೆ ಗೆದ್ದ ಮೇಲೆ ಅದರ ಉಸ್ತುವಾರಿ ಬೇರ್ಡ್‌ಗೆ ಸಿಗಲಿಲ್ಲ. ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ ಸಿಕ್ಕಿತು. ಬೇರ್ಡ್‌ಗೆ ಅದರ ಸಂಕಟ ಹೋಗಲೇ ಇಲ್ಲ. ವೆಲ್ಲೆಸ್ಲಿ ಉಳಿದುಕೊಂಡದ್ದು ದರಿಯಾ ದೌಲತ್‌ನಲ್ಲೇ, ನಾನು ಮೊದಲು ಹೇಳಿದ ಗೋಡೆಯ ಪಕ್ಕದಲ್ಲೇ. ಅವನೇ ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್.

ಈ ಡ್ಯೂಕ್ 1816ರಲ್ಲಿ ವಿಲ್ಕಿಗೆ ಒಂದು ಚಿತ್ರ ಬರೆಯಲು ಹೇಳಿದ. ಲಂಡನ್ನಿನ ಚೆಲ್ಸಿಯ ಹೆಂಡದಂಗಡಿ ಮುಂದೆ ಹರಟೆ ಹೊಡೆಯುವ ಮುದಿ ಸೈನಿಕರು ಬೇಕು ಅಂದ. ವಿಲ್ಕಿ ಯೋಚಿಸಿ, ಅವರ ಕೈಗೆ ವಾಟರ್ಲೂ ಗೆಲುವಿನ ಸುದ್ದಿಯ ಪತ್ರಿಕೆ ಕೊಟ್ಟ. ಒಬ್ಬ ಓದುತ್ತಿದ್ದಾನೆ, ಎಲ್ಲರೂ ಮುತ್ತಿಕೊಂಡಿದ್ದಾರೆ. ಗಮನಿಸಿ, ಯುದ್ಧ ಇಲ್ಲ, ಡ್ಯೂಕ್ ಇಲ್ಲ, ಕುದುರೆಯ ಮೇಲೆ ಕತ್ತಿ ಎತ್ತಿದವರಿಲ್ಲ. ಸುದ್ದಿ ಕೇಳುವ ಬೀದಿ ಇದೆ. ಹೆಂಗಸೊಬ್ಬಳು ಗಾಬರಿಯಿಂದ ಪತ್ರಿಕೆಯೊಳಗೆ ಇಣುಕುತ್ತಿದ್ದಾಳೆ, ಸತ್ತವರ ಹೆಸರು ಹುಡುಕುವ ಹಾಗೆ. ಪಿಟೀಲು ಕೇಳುವವರನ್ನು ಬರೆದವನೇ ಇಲ್ಲಿ ಗೆಲುವಿನ ಸುದ್ದಿ ಕೇಳುವವರನ್ನು ಬರೆದಿದ್ದಾನೆ. 1822ರಲ್ಲಿ ಅಕಾಡೆಮಿಯಲ್ಲಿ ಇಟ್ಟಾಗ ಜನರ ನೂಕುನುಗ್ಗಲು ತಡೆಯಲು ಚಿತ್ರದ ಮುಂದೆ ಕಂಬಿ ಹಾಕಬೇಕಾಯಿತು. ಅಲ್ಲಿ ಅದು ಅದೇ ಮೊದಲು. ಡ್ಯೂಕ್ ಕೊಟ್ಟದ್ದು 1,200 ಗಿನಿ. ಅದರ ಅಚ್ಚಿನ ಪ್ರತಿಗಳೂ ಹರಡಿದವು. ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ ಪ್ರತಿಗಳಿಂದಲೇ ವಿಲ್ಕಿಯ ಹೆಸರು ಯೂರೋಪಿನ ತುಂಬ ಓಡಾಡಿತು.

ಅಲ್ಲಿಗೆ ಅವನ ಒಳ್ಳೆಯ ಕಾಲ ಮುಗಿಯುತ್ತಾ ಬಂತು. 1824-25ರಲ್ಲಿ ತಾಯಿ ಮತ್ತು ಇಬ್ಬರು ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವನ ಮನಸ್ಸು ಕುಸಿಯಿತು, ಕುಂಚ ಹಿಡಿಯಲು ಆಗದ ಸ್ಥಿತಿ ಬಂತು. ಅವನ ಚಿತ್ರಗಳ ಅಚ್ಚು ಮಾರುವವರು ದಿವಾಳಿಯಾಗಿ ದುಡ್ಡೂ ಹೋಯಿತು. ಮೂರು ವರ್ಷ ಇಟಲಿ, ಜರ್ಮನಿ, ಸ್ಪೇನ್ ಸುತ್ತಿದ. ಸ್ಪೇನಿನಲ್ಲಿ ವೆಲಾಸ್ಕೆಸ್, ಮುರಿಲ್ಲೊ ಚಿತ್ರಗಳನ್ನು ನೋಡಿ ಮರುಳಾದ. ಮರಳಿ ಬಂದ ವಿಲ್ಕಿ ಬೇರೆಯೇ ವಿಲ್ಕಿ. ಸಣ್ಣ ಸಣ್ಣ ಗೆರೆಯ ನಾಜೂಕು ಹೋಯಿತು. ಅಗಲ ಕುಂಚ, ಕಡು ಕಂದು ನೆರಳು, ದೊಡ್ಡ ದೊಡ್ಡ ವಿಷಯ. ಆ ಕಂದು ಬಣ್ಣಕ್ಕೆ ಅವನು ಡಾಂಬರಿನಂಥ ವಸ್ತು ಬಳಸುತ್ತಿದ್ದ. ಅದು ಬರೆದಾಗ ಹೊಳೆಯುತ್ತದೆ, ಆದರೆ ಸರಿಯಾಗಿ ಒಣಗುವುದೇ ಇಲ್ಲ. ವರ್ಷ ಕಳೆದಂತೆ ಬಿರುಕು ಬಿಡುತ್ತದೆ, ಕಪ್ಪಾಗುತ್ತದೆ. ಹುಡುಗನಾಗಿದ್ದಾಗ ಬರೆದ ಸಂತೆ ಇನ್ನೂ ತಿಳಿಯಾಗಿದೆ, ಹೆಸರು ಬಂದ ಮೇಲೆ ಬರೆದ ಎಷ್ಟೋ ಚಿತ್ರಗಳು ಹಾಳಾಗಿವೆ. ಬಣ್ಣದ ಅಂಗಡಿಗೆ ಹೋದಾಗ ನೀವು ಇದನ್ನು ಮರೆಯಬಾರದು.

ಪದವಿಗಳು ಬಂದವು. 1830ರಲ್ಲಿ ರಾಜನ ಮುಖ್ಯ ಚಿತ್ರಕಾರ, 1836ರಲ್ಲಿ ಸರ್ ಪಟ್ಟ. ವಿಕ್ಟೋರಿಯಾ ರಾಣಿಯಾದ ದಿನದ ಸಭೆಯನ್ನು ಬರೆದಾಗ, ಕಪ್ಪು ಬಟ್ಟೆ ತೊಟ್ಟಿದ್ದವಳಿಗೆ ಬಿಳಿ ಬಟ್ಟೆ ತೊಡಿಸಿದ. ಚಿತ್ರದಲ್ಲಿ ಕಣ್ಣು ಅವಳ ಮೇಲೆ ನಿಲ್ಲಲಿ ಅಂತ. ಆ ಚಿತ್ರ ಅವಳಿಗೆ ಹಿಡಿಸಲೇ ಇಲ್ಲ.

ಇದೇ ಕಾಲದಲ್ಲಿ ಬೇರ್ಡ್‌ನ ವಿಧವೆ ಲೇಡಿ ಬೇರ್ಡ್ ವಿಲ್ಕಿಯ ಬಳಿಗೆ ಬಂದಳು. ಗಂಡ 1829ರಲ್ಲಿ ತೀರಿಕೊಂಡಿದ್ದ. ಅವನಿಗೆ ಸಲ್ಲಬೇಕಾದ ಹೆಸರು ಇನ್ನೊಬ್ಬರಿಗೆ ಹೋಯಿತು ಎಂಬ ಕೊರಗು ಅವಳಿಗೂ ಇತ್ತು. ಶ್ರೀರಂಗಪಟ್ಟಣದ ರಾತ್ರಿಯನ್ನು ಬರೆದುಕೊಡಿ ಅಂದಳು. ವಿಲ್ಕಿ ಹಲವು ವರ್ಷ ದುಡಿದು 1839ರಲ್ಲಿ ಪ್ರದರ್ಶನಕ್ಕಿಟ್ಟ.

ಕೋಟೆಯ ಬಾಗಿಲ ಕಮಾನಿನ ಕೆಳಗೆ ಬೇರ್ಡ್ ಕತ್ತಿ ಹಿಡಿದು ನೆಟ್ಟಗೆ ನಿಂತಿದ್ದಾನೆ. ಸುತ್ತ ಸ್ಕಾಟಿಷ್ ಸೈನಿಕರು. ದೀಪದ ಬೆಳಕು. ಅವನ ಕಾಲಬುಡದಲ್ಲಿ ಟಿಪ್ಪುವಿನ ದೇಹ, ಅದನ್ನು ಹಿಡಿದುಕೊಂಡಿರುವ ಅವನ ಜನ. ಇನ್ನೂ ಕೆಳಗೆ, ಬೇರ್ಡ್‌ನ ಪಾದಕ್ಕೆ ನೇರವಾಗಿ, ಸೆರೆಮನೆಯ ಕಂಬಿ. ಒಂದು ಕಾಲದಲ್ಲಿ ತಾನು ಕೊಳೆತ ಸೆರೆಯ ಮೇಲೆಯೇ ಅವನು ಈಗ ನಿಂತಿದ್ದಾನೆ ಅಂತ ಅರ್ಥ. ಇದು ವಿಲ್ಕಿಯ ಬುದ್ಧಿ. ಕತೆ ಹೇಳುವುದು ಅವನಿಗೆ ಮರೆತಿರಲಿಲ್ಲ.

ಆದರೂ ಈ ಚಿತ್ರ ನನ್ನ ಮನಸ್ಸಿಗೆ ಹತ್ತಿರವಾಗುವುದಿಲ್ಲ. ನಾವು ಈ ನಾಡಿನವರು, ಅದಕ್ಕೇ ಹೀಗನ್ನಿಸುತ್ತದೆಯೇ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ಅದೂ ಇರಬಹುದು, ಆದರೆ ಅಷ್ಟೇ ಅಲ್ಲ. ವಿಲ್ಕಿ ಭಾರತವನ್ನು ಕಂಡವನಲ್ಲ. ಕಾವೇರಿ ಗೊತ್ತಿಲ್ಲ, ಆ ಕೋಟೆಯ ಕಲ್ಲು ಗೊತ್ತಿಲ್ಲ, ಮೇ ತಿಂಗಳ ಆ ಸೆಕೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಜನ ಗೊತ್ತಿಲ್ಲ. ಬೇರ್ಡ್‌ನ ಕೈ ನಾಟಕದ ರಾಜನ ಕೈಯ ಹಾಗೆ ಚಾಚಿದೆ. ಟಿಪ್ಪುವಿನ ಸುತ್ತ ಇರುವವರು ದುಃಖದ ಭಂಗಿಗಳು, ಮನುಷ್ಯರಲ್ಲ. ಪಿಟೀಲುಗಾರನ ಹೆಂಡತಿಯ ಮುಖದಲ್ಲಿ ಒಂದು ಇಡೀ ಸಂಸಾರದ ದಣಿವು ಕಂಡವನಿಗೆ, ಇಲ್ಲಿ ತನ್ನ ಒಡೆಯನ ಹೆಣ ಎತ್ತುತ್ತಿರುವವನ ಮುಖ ಸಿಗಲಿಲ್ಲ. ಅಂಥವನು ಆ ರಾತ್ರಿ ಅಲ್ಲಿ ಇದ್ದೇ ಇದ್ದ. ಅವನ ಮನೆಯಲ್ಲೂ ಯಾರೋ ಕಾಯುತ್ತಿದ್ದರು. ಚೆಲ್ಸಿಯ ಬೀದಿಯಲ್ಲಿ ಗಾಬರಿಯಾದ ಹೆಂಗಸನ್ನು ಕಂಡ ಕಣ್ಣಿಗೆ ಶ್ರೀರಂಗಪಟ್ಟಣದ ಬೀದಿ ಕಾಣಲಿಲ್ಲ. ಅದು ನನಗೆ ನೋವಿನ ವಿಷಯ, ಏಕೆಂದರೆ ಅದನ್ನು ಬರೆಯಬಲ್ಲ ಚಿತ್ರಕಾರ ಆ ಕಾಲದ ಬ್ರಿಟನ್ನಿನಲ್ಲಿ ಯಾರಾದರೂ ಇದ್ದಿದ್ದರೆ ಅದು ವಿಲ್ಕಿಯೇ.

ಅವನಿಗೂ ಇದು ಎಲ್ಲೋ ಹೊಳೆದಿರಬೇಕು ಅಂತ ನನ್ನ ಊಹೆ. ಮರುವರ್ಷವೇ, 1840ರಲ್ಲಿ, ಅವನು ಪೂರ್ವಕ್ಕೆ ಹೊರಟ. ಬೈಬಲಿನ ಕತೆಗಳನ್ನು ಬರೆಯಬೇಕಾದರೆ ಆ ನೆಲವನ್ನು, ಆ ಜನರನ್ನು ಕಣ್ಣಾರೆ ನೋಡಬೇಕು ಅನ್ನುವುದು ಅವನ ಆಸೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ತುರ್ಕಿಯ ಸುಲ್ತಾನನ ಚಿತ್ರ ಬರೆದ. ಜೆರುಸಲೇಮಿಗೆ ಹೋದ. ಅಲೆಕ್ಸಾಂಡ್ರಿಯಾದಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿಯನ್ನು ಬರೆದ. ದಾರಿಯುದ್ದಕ್ಕೂ ಕಂಡವರ ಮುಖಗಳನ್ನು ಗೀಚಿಕೊಂಡ. ಆ ಗೀಚುಗಳಲ್ಲಿ ಹಳೆಯ ವಿಲ್ಕಿ ಮತ್ತೆ ಕಾಣುತ್ತಾನೆ.

ಊರಿಗೆ ಮರಳುವ ದಾರಿಯಲ್ಲಿ, 1841ರ ಜೂನ್ 1ರಂದು, 'ಓರಿಯೆಂಟಲ್' ಹಡಗಿನಲ್ಲಿ ಜಿಬ್ರಾಲ್ಟರ್ ಹತ್ತಿರ ತೀರಿಕೊಂಡ. ಐವತ್ತೈದು ವರ್ಷ. ಕ್ವಾರಂಟೈನ್ ನಿಯಮದ ಕಾರಣ ದೇಹವನ್ನು ದಡಕ್ಕೆ ತರಲು ಬಿಡಲಿಲ್ಲ. ಆ ಸಂಜೆಯೇ ಸಮುದ್ರಕ್ಕೆ ಒಪ್ಪಿಸಿದರು. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಮರುವರ್ಷ ಆ ಸಂಜೆಯನ್ನು ಬರೆದ. ಹಡಗಿನ ಹಾಯಿಗಳು ಅಷ್ಟು ಕಪ್ಪಾಗಿರುವುದಿಲ್ಲ ಅಂತ ಯಾರೋ ಆಕ್ಷೇಪಿಸಿದಾಗ, ಇದಕ್ಕಿಂತ ಕಪ್ಪು ಬಣ್ಣ ಸಿಕ್ಕಿದ್ದರೆ ಅದನ್ನೇ ಹಚ್ಚುತ್ತಿದ್ದೆ ಅಂದನಂತೆ.

ನನ್ನ ಮಾತು ಇಷ್ಟು. ಪರದೆಯ ಮೇಲೆ ಪಿಟ್ಲೆಸ್ಸಿ ಸಂತೆಯನ್ನು ಮತ್ತೆ ಹಾಕಿಸಿದ್ದೇನೆ. ಚಹಾ ಕುಡಿಯಲು ಹೋಗುವ ಮೊದಲು ಹತ್ತಿರ ಬಂದು ನೋಡಿ. ಗುಂಪಿನಲ್ಲಿ ಎಲ್ಲಾದರೂ ಒಬ್ಬರನ್ನು ಹಿಡಿಯಿರಿ, ಯಾರಾದರೂ ಸರಿ. ಅವರು ಯಾರ ಕಡೆ ನೋಡುತ್ತಿದ್ದಾರೆ ಅಂತ ಹುಡುಕಿ, ಆಮೇಲೆ ಆ ಇನ್ನೊಬ್ಬರು ಯಾರನ್ನು ನೋಡುತ್ತಿದ್ದಾರೆ ಅಂತ ನೋಡಿ.